ಹಿರಿಯರ ಕ್ಷಮಾಯಾಚನೆ

ದಶಲಕ್ಷಣ ಪರ್ವದ ಉಪವಾಸಗಳು ಮುಗಿದ ಮೇಲೆ ಕ್ಷಮಾವಣಿಯಂದು ಕಿರಿಯರು ಹಿರಿಯರಲ್ಲಿ ಕ್ಷಮೆ ಬೇಡುತ್ತಾರೆ. ಹಿರಿಯರೂ ಕಿರಿಯರಲ್ಲಿ ಬೇಡಬೇಕೆ?

ಶಿವಾರ್ಯರ ‘ಭಗವತೀ ಆರಾಧನೆ’ ಬೇಕೆನ್ನುತ್ತದೆ. ಸಲ್ಲೇಖನಕ್ಕೆ ಸಿದ್ಧರಾದ ಆಚಾರ್ಯರು ಗಣದ ಭಾರವನ್ನು ಯೋಗ್ಯ ಶಿಷ್ಯರಿಗೊಪ್ಪಿಸಿ, ಬಹುಕಾಲದ ಸಹವಾಸದಲ್ಲಿ ಮಮತೆಯಿಂದಾಡಿದ ಕಟುನುಡಿಗಳಿಗೂ ಸಂಘದ ಕ್ಷಮೆ ಬೇಡುತ್ತಾರೆ. ಮುನ್ನಡೆಸುವವರಿಗೆ ಬೇಕಾದ ಧೈರ್ಯವಿದು.

ಶಾಲೆಯಲ್ಲಿ ನಿರಪರಾಧಿ ಬಾಲಕನೊಬ್ಬನನ್ನು ದಂಡಿಸಿದ್ದ ನಾನು, ತಪ್ಪು ತಿಳಿದ ಬಳಿಕವೂ ಗುರುವೆಂಬ ಅಭಿಮಾನದಿಂದ ಸುಮ್ಮನಿದ್ದೆ. ಹತ್ತು ದಿನಗಳ ವ್ರತ ಸುಲಭವಾಯಿತು. ಆ ಒಂದು ಮಾತು ಮಾತ್ರ ನಾಲಗೆಗೆ ಬರಲಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಯಜಮಾನರೂ, ರಾಣೇಬೆನ್ನೂರಿನ ಬೀಜದ ವ್ಯಾಪಾರಿಗಳೂ, ಹಾವೇರಿಯ ಉಪಾಧ್ಯಾಯರೂ ಈ ಸಲದ ಕ್ಷಮಾವಣಿಯಂದು ತಮ್ಮ ಕೈಕೆಳಗಿನವರಲ್ಲಿ ಮೊದಲು ಕ್ಷಮೆ ಬೇಡಲಿ. ಅದು ದೈನ್ಯವಲ್ಲ, ಮಾನಕಷಾಯವನ್ನು ಗೆಲ್ಲುವ ಉತ್ತಮ ಮಾರ್ದವ.