ಪಡಸಾಲೆಯ ಟಿವಿ, ಹಿಂದಿನ ಖೋಲಿಯ ನಿದ್ದೆ



ಮನೆಗೆ ಹೊಸ ವಸ್ತುವೊಂದು ಬಂದಾಗ ಅದರ ಬೆಲೆಯನ್ನು ಯಾರು ಕೊಟ್ಟರೆಂದು ಖಾತೆಯಲ್ಲಿ ಬರೆದಿಡುವುದು ಸುಲಭ. ಅಂಗಡಿಯವರ ಪಾವತಿಯಲ್ಲಿ ಹೆಸರಿರುತ್ತದೆ, ಮೊತ್ತವಿರುತ್ತದೆ. ಆದರೆ ಕೆಲವು ವಸ್ತುಗಳ ಬೆಲೆಯಲ್ಲಿ ಒಂದು ಪಾಲನ್ನು ಪಾವತಿಯಲ್ಲಿ ಹೆಸರಿಲ್ಲದವರು ಕೊಡುತ್ತಿರುತ್ತಾರೆ. ಪಡಸಾಲೆಯ ಟಿವಿ, ಅದರ ಜೊತೆಗೆ ಬರುವ ಸ್ಪೀಕರುಗಳು ಇಂಥವು. ಈ ವಿಷಯವನ್ನು ಈ ಸಲ ವಿಚಾರಕ್ಕೆ ಎತ್ತಿಕೊಳ್ಳಲು ಕಾರಣ ಗೋವೆಯ ಮಡ್ಕಯಿಯಿಂದ ಬಂದ ಒಂದು ಪ್ರಶ್ನೆ.

ಮಡ್ಕಯಿ ಫೋಂಡಾ ತಾಲೂಕಿನ ಊರು. ನವದುರ್ಗಾ ದೇವಿಯ ಗುಡಿಯಿಂದ ಹೆಸರಾದದ್ದು, ಈಗ ಕೈಗಾರಿಕಾ ವಸಾಹತಿನಿಂದಲೂ ಹೆಸರಾಗಿದೆ. ಹೊಟ್ಟೆಪಾಡಿಗೆ ಆ ಕಡೆಗೆ ಹೋದವರಲ್ಲಿ ನಮ್ಮ ವಿಜಾಪುರ, ಬಾಗಲಕೋಟೆ, ಗದಗ ಭಾಗದವರೂ ಇದ್ದಾರೆ. ಪ್ರಶ್ನೆ ಕೇಳಿದ ಭಕ್ತರು ಮೂವತ್ತು ವರ್ಷದ ಹಿಂದೆ ಅಲ್ಲಿಗೆ ಹೋಗಿ ಕಿರಾಣಿ ಅಂಗಡಿ ಇಟ್ಟವರು. ಈಗ ಸ್ವಂತ ಮನೆಯಿದೆ. ಮನೆಯ ಹಿಂದೆ ತಗಡಿನ ಮಾಡಿನ ನಾಲ್ಕು ಖೋಲಿ ಕಟ್ಟಿಸಿ, ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವ ನಮ್ಮ ಕಡೆಯ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಮಗ ನೌಕರಿಯಲ್ಲಿದ್ದಾನೆ. ಪಡಸಾಲೆಯಲ್ಲಿರುವ 32 ಇಂಚಿನ ಟಿವಿ ತೆಗೆದು 55 ಇಂಚಿನದು ತರಬೇಕು, ಜೊತೆಗೆ ಐದು ಸ್ಪೀಕರು, ಒಂದು ಸಬ್‌ವೂಫರ್ ಇರುವ ಹೋಮ್ ಥಿಯೇಟರ್ ಕೂಡಿಸಬೇಕು ಎಂಬುದು ಅವನ ಇಚ್ಛೆ. ತಂದೆ ಕೇಳಿದ್ದು ಒಂದೇ ಮಾತು: "ಇದು ಆಡಂಬರ ಅಲ್ಲೇನ್ರಿ?" ಮಗನ ಉತ್ತರವೂ ಗಟ್ಟಿಯಾಗಿಯೇ ಇದೆ: "ದುಡದ ರೊಕ್ಕ, ಕದ್ದದ್ದಲ್ಲ. ನಮ್ಮ ಮನ್ಯಾಗ ನಾವು ಏನ್ ನೋಡಬೇಕು ಅನ್ನೂದನ್ನ ಬ್ಯಾರೆಯವರು ಯಾಕ ಹೇಳಬೇಕು?"

ಆಡಂಬರದ ಮಾತನ್ನು ಮೊದಲು ಮುಗಿಸೋಣ. ಯಾವ ವಸ್ತು ಆಡಂಬರ, ಯಾವುದು ಅವಶ್ಯ ಎಂಬ ಗೆರೆ ಒಂದು ತಲೆಮಾರಿಗೆ ಇದ್ದ ಕಡೆ ಇನ್ನೊಂದು ತಲೆಮಾರಿಗೆ ಇರುವುದಿಲ್ಲ. ಕೈಗಡಿಯಾರ, ಸೈಕಲ್ಲು, ರೇಡಿಯೋ ಎಲ್ಲವೂ ಒಂದು ಕಾಲಕ್ಕೆ ಆ ಮಾತು ಕೇಳಿಸಿಕೊಂಡೇ ನಮ್ಮ ಮನೆಗಳಿಗೆ ಬಂದವು. ಅದರಲ್ಲಿಯೂ ನಾಡು ಬಿಟ್ಟು ಹೋದ ಕುಟುಂಬಕ್ಕೆ ಈ ಪೆಟ್ಟಿಗೆಯ ಬೆಲೆ ಬೇರೆ. ಮಕ್ಕಳು ಓಣಿಯಲ್ಲಿ ಕೊಂಕಣಿ, ಹಿಂದಿ ಮಾತಾಡಿ ಮನೆಗೆ ಬರುತ್ತಾರೆ. ಮನೆಯವರ ಬಾಯಿ ಬಿಟ್ಟರೆ ಅವರ ಕಿವಿಗೆ ಕನ್ನಡ ಬೀಳುವುದು ಟಿವಿಯಿಂದಲೇ. ಹಿಂದೆ ಈ ಕೆಲಸವನ್ನು 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಮಾಡುತ್ತಿತ್ತು. 1994ರಲ್ಲಿ ಉದಯ ಟಿವಿ ಬಂದ ಮೇಲೆ ಖಾಸಗಿ ವಾಹಿನಿಗಳ ಕಾಲ ಬಂತು. ಆದ್ದರಿಂದ ಟಿವಿ ತರುವುದೇ ತಪ್ಪು ಎಂದು ನಾನು ಹೇಳಲಾರೆ.

ರೊಕ್ಕದ ಲೆಕ್ಕವೂ ಬೇಗ ಮುಗಿಯುವಂಥದು. 2019ರ ಜನವರಿಯಿಂದ 32 ಇಂಚಿನವರೆಗಿನ ಟಿವಿಗೆ ಜಿಎಸ್‌ಟಿ ಶೇಕಡಾ 18, ಅದಕ್ಕಿಂತ ದೊಡ್ಡದಕ್ಕೆ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡದಕ್ಕೂ 18 ಆಗಿದೆ. ಮಗ ಈಗಲೇ ತರೋಣ ಎನ್ನುವುದಕ್ಕೆ ಅರ್ಥವಿಲ್ಲದಿಲ್ಲ. ಆದರೆ ಕಂತಿನ ಮೇಲೆ, ಅದೂ "ಶೂನ್ಯ ಬಡ್ಡಿ"ಯಲ್ಲಿ, ತರುತ್ತೇನೆಂದರೆ ಸ್ವಲ್ಪ ನಿಲ್ಲಬೇಕು. ಬಡ್ಡಿಯಿಲ್ಲದ ಸಾಲವೆಂಬುದೇ ಇಲ್ಲ, ಬಡ್ಡಿಯನ್ನು ಪ್ರಕ್ರಿಯಾ ಶುಲ್ಕ ಮುಂತಾದ ಹೆಸರಿನಲ್ಲಿ ಮುಚ್ಚಿಡಲಾಗುತ್ತದೆ ಎಂದು ಭಾರತೀಯ ರಿಜರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಹೇಳಿತ್ತು. ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಸಿಗದಿದ್ದರೆ ಆ ರಿಯಾಯಿತಿಯೇ ಬಡ್ಡಿ. ಇನ್ನು ಅಳತೆ. ಅವರ ಪಡಸಾಲೆಯಲ್ಲಿ ಗೋಡೆಯಿಂದ ಕೂಡ್ರುವ ಜಾಗಕ್ಕೆ 9 ಅಡಿ. ಕಣ್ಣು ಚೆನ್ನಾಗಿರುವವರೂ 55 ಇಂಚಿನ ಪರದೆಯಿಂದ 7 ಅಡಿಗಿಂತ ಹಿಂದೆ ಸರಿದರೆ ಫುಲ್ ಎಚ್‌ಡಿಗೂ 4ಕೆಗೂ ಇರುವ ಭೇದವನ್ನು ಗುರುತಿಸುವುದು ಕಷ್ಟ. ಹಳೆಯ ಗುಣಮಟ್ಟದ ಕೇಬಲ್ ಚಿತ್ರವಂತೂ ಪರದೆ ದೊಡ್ಡದಾದಷ್ಟೂ ಮಸುಕಾಗಿ ಕಾಣುತ್ತದೆ. ಇಷ್ಟು ತಿಳಿದೂ ತರುವುದಾದರೆ ಅದು ಅವರ ಮನೆಯ ವಿಚಾರ. ಹೊರಗಿನವರು ಬಾಯಿ ಹಾಕಬೇಕಾಗಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಪರದೆಯಲ್ಲ, ಸಬ್‌ವೂಫರ್.

ಇದನ್ನು ಹೇಳುವ ಮೊದಲು ಟಿವಿ ನಮ್ಮ ಸೀಮೆಗೆ ಹೇಗೆ ಬಂತೆಂಬುದನ್ನು ನೆನಪಿಸಬೇಕು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ 2400 ಹಳ್ಳಿಗಳಲ್ಲಿ ನಮ್ಮ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಕೋಳಿಬಲೆಯಂಥ ತಂತಿಜಾಲರಿಯ, ಸುಮಾರು 10 ಅಡಿ ಅಗಲದ ಛತ್ರಿಯನ್ನು ಆಕಾಶಕ್ಕೆ ತಿರುಗಿಸಿ ಇಟ್ಟಿರುತ್ತಿದ್ದರು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಒಂದೂವರೆ ತಾಸು, ಸಂಜೆ ಊರವರಿಗೆ ಎರಡೂವರೆ ತಾಸು. ಊರಿಗೆಲ್ಲ ಸೇರಿ ಒಂದೇ ಟಿವಿ, ಅದರ ಮುಂದೆ ಊರೆಲ್ಲ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ನಮ್ಮ ಬರಗಾಲದ ಹಳ್ಳಿಗಳು ಅದಕ್ಕಿಂತ ಆರು ವರ್ಷ ಮೊದಲೇ ಟಿವಿ ಕಂಡಿದ್ದವು ಎಂಬುದು ನಮ್ಮವರಿಗೇ ಮರೆತುಹೋಗಿದೆ.

ಆಮೇಲೆ ಟಿವಿ ಮನೆಯೊಳಗೆ ಬಂತು. ಆದರೂ ಬಾಗಿಲು ಹಾಕಿಕೊಳ್ಳಲಿಲ್ಲ. 1987ರ ಜನವರಿಯಿಂದ 1988ರ ಜುಲೈವರೆಗೆ ರವಿವಾರ ಮುಂಜಾನೆ ರಾಮಾಯಣ ಬರುತ್ತಿದ್ದಾಗ ಟಿವಿ ಇದ್ದ ಮನೆಯ ಪಡಸಾಲೆ ಓಣಿಯದೇ ಆಗಿರುತ್ತಿತ್ತು. ಜಮಖಾನೆ ಹಾಸಿ, ಮಕ್ಕಳನ್ನು ಮುಂದೆ ಕೂಡ್ರಿಸಿ, ಕಿಟಕಿಯಲ್ಲಿ ನಿಂತವರಿಗೂ ಕೇಳಲಿ ಎಂದು ಸದ್ದು ಏರಿಸುತ್ತಿದ್ದರು. ಅಂದು ಸದ್ದು ಏರಿಸುವುದು ಕರೆಯುವ ರೀತಿಯಾಗಿತ್ತು. ಪಕ್ಕದ ಮನೆಯವರಿಗೆ ಚಿತ್ರವೂ ಸಿಗುತ್ತಿತ್ತು, ಸದ್ದೂ ಸಿಗುತ್ತಿತ್ತು. ಇಂದು ಎಲ್ಲರ ಮನೆಯಲ್ಲಿಯೂ ಟಿವಿ ಇದೆ, ಕೈಯಲ್ಲಿ ಮೊಬೈಲ್ ಇದೆ, ಯಾರೂ ಯಾರ ಪಡಸಾಲೆಗೂ ಹೋಗಬೇಕಾಗಿಲ್ಲ. ಬಾಗಿಲು ಹಾಕಿಕೊಂಡು ನೋಡುತ್ತೇವೆ. ಆದರೆ ಬಾಗಿಲಿನೊಳಗೆ ಉಳಿಯುವುದು ಚಿತ್ರ ಮಾತ್ರ. ಸದ್ದು ಹೊರಗೆ ಹೋಗುತ್ತಲೇ ಇದೆ. ನೆರೆಯವನ ಪಾಲಿಗೆ ಬರಿಯ ಗದ್ದಲ ಉಳಿಯಿತು.

ಇದರಲ್ಲಿ ಸ್ವಲ್ಪ ಶಾಸ್ತ್ರವೂ ಇದೆ. ಮಾತಿನ ಸ್ವರ ಗೋಡೆಗೆ ಬಡಿದು ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತದೆ. ಸಬ್‌ವೂಫರ್ ಹೊರಡಿಸುವ ತಗ್ಗು ಸ್ವರದ ಕಥೆ ಹಾಗಲ್ಲ. 50 ಹರ್ಟ್ಜ್‌ನ ಒಂದು ಅಲೆಯ ಉದ್ದವೇ ಸುಮಾರು 7 ಮೀಟರು. ತೆಳುವಾದ ಗೋಡೆ, ತಗಡಿನ ಮಾಡು ಅದಕ್ಕೆ ಲೆಕ್ಕಕ್ಕಿಲ್ಲ. ನೆಲದ ಮೇಲಿಟ್ಟ ಪೆಟ್ಟಿಗೆ ನೆಲವನ್ನೂ ನಡುಗಿಸುತ್ತದೆ. ಪಡಸಾಲೆಯಲ್ಲಿ ಕುಳಿತವರಿಗೆ ಹಾಡಾಗಿ ಕೇಳುವುದು ಹಿಂದಿನ ಖೋಲಿಯಲ್ಲಿ ಮಲಗಿದವನ ಎದೆಗೆ ಬರಿಯ ಗುದ್ದಾಗಿ ಮುಟ್ಟುತ್ತದೆ. ವ್ಯಾಪಾರಿಗಳು ಹೇಳುವ ವ್ಯಾಟಿನ ಲೆಕ್ಕವನ್ನೂ ತಿಳಿದಿರಬೇಕು. ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಹಿಂದೆ ಟೇಪ್‌ರೆಕಾರ್ಡರುಗಳ ಮೇಲೆ ಪಿಎಂಪಿಒ ಎಂದು ಸಾವಿರದ ಅಂಕಿ ಬರೆದಿರುತ್ತಿದ್ದರು. ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಶಕ್ತಿ. ಎಪಿಎಂಸಿಯಲ್ಲಿ ಒಂದು ದಿನ ಒಂದು ಚೀಲಕ್ಕೆ ಸಿಕ್ಕ ಮೇಲ್ದರವನ್ನು ವರ್ಷದ ದರವೆಂದು ಹೇಳಿದಂತೆ. ಕೊಳ್ಳುವವರು ನೋಡಬೇಕಾದದ್ದು ಆರ್‌ಎಂಎಸ್ ಅಂಕಿಯನ್ನು.

"ಕಾಯಿದೆ ಪ್ರಕಾರ ಇದ್ದರೆ ಸಾಕಲ್ಲರಿ?" ಎಂದು ಮಗ ಕೇಳಿದ. ಕಾಯಿದೆ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿಯೆಂದರೆ ಹತ್ತರಿಂದ ಬೆಳಿಗ್ಗೆ ಆರು. ಈ ಮಗ ರಾತ್ರಿ ಹತ್ತಕ್ಕೆ ಟಿವಿ ಆರಿಸುವ ಶಿಸ್ತಿನವನೇ. ಆದರೆ ಹಿಂದಿನ ಖೋಲಿಯ ಹುಡುಗರ ರಾತ್ರಿ ಯಾವುದು? ಮೂರನೆಯ ಪಾಳಿ ಮುಗಿಸಿ ಬೆಳಿಗ್ಗೆ ಬಂದು, ಎರಡು ರೊಟ್ಟಿ ತಿಂದು ಎಂಟೂವರೆಗೆ ಮಲಗುವವನಿಗೆ ರಾತ್ರಿ ಆರಂಭವಾಗುವುದೇ ಆಗ. ಕಾಯಿದೆ ಸೂರ್ಯನನ್ನು ನೋಡಿ ಹೊತ್ತು ಗೊತ್ತುಮಾಡಿದೆ, ಕಾರ್ಖಾನೆಯ ಸೈರನ್ನನ್ನು ನೋಡಿಯಲ್ಲ. ಮಡ್ಕಯಿಯಂಥ ಊರಿನಲ್ಲಿ ಹಗಲು ಹನ್ನೊಂದು ಗಂಟೆಗೂ ಯಾರದೋ ನಡುರಾತ್ರಿ ನಡೆದಿರುತ್ತದೆ. ಯಂತ್ರದ ಮುಂದೆ ನಿಲ್ಲುವವನಿಗೆ ನಿದ್ದೆಯೆಂಬುದು ಸುಖವಲ್ಲ, ಕಾಯಕದ ಬಂಡವಾಳ. ಅದು ಕಡಿಮೆಯಾದರೆ ಯಂತ್ರದ ಬಾಯಿಗೆ ಬೆರಳು ಸಿಗುವ ಭಯವಿದೆ. ಕಾಯಕವನ್ನು ದೊಡ್ಡದೆಂದು ಹೇಳುವ ನಾವು ಕಾಯಕ ಮಾಡುವವನ ನಿದ್ದೆಯನ್ನು ಸಣ್ಣದೆಂದು ಎಣಿಸುವುದು ಹೇಗೆ?

ಇದಕ್ಕೆ ಯಜಮಾನರು ಹೇಳಿದ ಮಾತನ್ನು ಅನೇಕರು ಒಪ್ಪಬಹುದು: "ನಾ ಆ ಹುಡುಗರನ್ನ ಕೇಳೇ ಬಿಟ್ಟೇನ್ರಿ. 'ಏನಿಲ್ಲ ಬಿಡ್ರಿ ಸಾವಕಾರ್ರ, ನಮಗೇನ್ ತ್ರಾಸಿಲ್ಲ' ಅಂದ್ರು." ಅವರು ಕೇಳಿದ್ದು ಒಳ್ಳೆಯದೇ, ಎಷ್ಟೋ ಮಂದಿ ಅದನ್ನೂ ಮಾಡುವುದಿಲ್ಲ. ಆದರೆ ಆ ಉತ್ತರವನ್ನು ತೂಗಿ ನೋಡಬೇಕು. ಹೇಳಿದವನು ಇವರ ಖೋಲಿಯಲ್ಲಿ ಇರುವವನು. ಇವರ ಅಂಗಡಿಯಲ್ಲಿ ಅವನ ಉದ್ದರಿ ಖಾತೆ ಇದೆ. ಪಗಾರು ತಡವಾದ ತಿಂಗಳು ಅಕ್ಕಿ, ಜೋಳ ಕೊಡುವವರೂ ಇವರೇ. ಅಂಥವನು ಸಾವಕಾರರ ಮುಖ ನೋಡಿ "ನಿಮ್ಮ ಸದ್ದಿನಿಂದ ನಿದ್ದೆ ಬರೂದಿಲ್ಲ" ಎಂದು ಹೇಳಿಯಾನೇ? ಸಾಲಗಾರನ "ತ್ರಾಸಿಲ್ಲ"ವನ್ನು ಒಪ್ಪಿಗೆ ಎಂದು ಜಮಾ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಓದುಗರಲ್ಲಿ ಉದ್ದರಿ ಕೊಡುವವರು, ಬಾಡಿಗೆಗೆ ಕೊಟ್ಟವರು, ಆಳಿಟ್ಟವರು ಬಹಳ. ಎದುರಿಗೆ ನಿಂತವನ ಕೊರಳ ಮೇಲೆ ನಮ್ಮ ಖಾತೆಯ ಭಾರ ಇರುವಾಗ ಅವನ ಮಾತು ಎಷ್ಟು ಸ್ವತಂತ್ರ ಎಂಬುದು ಟಿವಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ.

ಹಾಗೆಂದು ತನ್ನ ಮನೆಯಲ್ಲಿ ತಾನು ಪಿಸುಮಾತಾಡಬೇಕೇ? ಮಗನ ಈ ಸಿಟ್ಟೂ ಅನ್ಯಾಯದ್ದಲ್ಲ. ವಾರವಿಡೀ ದುಡಿದವನಿಗೆ ಒಂದು ರವಿವಾರ ಮನಸಾರೆ ಹಾಡು ಕೇಳುವ ಹಕ್ಕಿಲ್ಲವೆಂದು ಯಾರು ಹೇಳಬೇಕು? ಇಬ್ಬರದೂ ದುಡಿಮೆಯೇ, ಇಬ್ಬರದೂ ವಿಶ್ರಾಂತಿಯೇ. ನನಗೆ ಕಾಣುವ ಭೇದವೊಂದೇ. ಕೇಳುವವನ ಕೈಯಲ್ಲಿ ಗುಂಡಿ ಇದೆ, ಮಲಗಿದವನ ಕೈಯಲ್ಲಿ ಏನೂ ಇಲ್ಲ. ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ಆದ್ದರಿಂದ ಮೊದಲು ಹೊಂದಿಕೊಳ್ಳಬೇಕಾದವನು ಗುಂಡಿ ಇದ್ದವನು.

ಇನ್ನು ಮನೆಯೊಳಗೆ ಒಬ್ಬರಿದ್ದಾರೆ, ಅವರ ಹೆಸರು ಹೇಳಿಯೇ ಈ ಸ್ಪೀಕರಿನ ಮಾತು ಶುರುವಾದದ್ದು. ಯಜಮಾನರ ತಾಯಿಗೆ ಎಂಬತ್ತರ ಹತ್ತಿರ. "ಆಯಿಗೆ ಟಿವಿ ಕೇಳಸೂದಿಲ್ಲರಿ, ಅದಕ್ಕ ದೊಡ್ಡ ಸೌಂಡ್ ಬೇಕು" ಎಂದ ಮೊಮ್ಮಗ. ಪ್ರೀತಿಯ ಮಾತೇ. ಆದರೆ ಔಷಧ ತಪ್ಪಿದೆ. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಸ, ತ, ಕ, ಪ ಮುಂತಾದ ವ್ಯಂಜನಗಳ ಗುರುತು ಇರುವುದು ಅಲ್ಲಿಯೇ. ಕಪ್ಪ ಎಂದರೆ ಕತ್ತೆ ಎಂದು ಕೇಳುವುದು ಅದಕ್ಕೇ. ಸಬ್‌ವೂಫರ್ ಕೊಡುವುದು ತಗ್ಗಿನ ಗುಡುಗು, ಅದು ಆಯಿಗೆ ಮೊದಲೇ ಕೇಳುತ್ತಿದೆ. ಗುಡುಗು ಹೆಚ್ಚಿದರೆ ಮಾತು ಇನ್ನಷ್ಟು ಮುಳುಗುತ್ತದೆ. ಇತ್ತೀಚಿನ ತೆಳು ಟಿವಿಗಳಲ್ಲಿ ಸ್ಪೀಕರುಗಳು ಕೆಳಮುಖವಾಗಿಯೋ ಹಿಮ್ಮುಖವಾಗಿಯೋ ಇರುವುದರಿಂದ ಮಾತು ಸ್ಪಷ್ಟವಿರುವುದಿಲ್ಲ ಎಂಬುದು ನಿಜ. ಅದಕ್ಕೆ ಪರದೆಯ ಕೆಳಗೆ ಮುಮ್ಮುಖವಾಗಿ ಇಡುವ ಒಂದು ಸಾದಾ ಸೌಂಡ್‌ಬಾರ್ ಸಾಕು. ಅದಕ್ಕಿಂತ ಮೇಲು, ಆಯಿಯ ಮಂಚದ ಹತ್ತಿರ ಒಂದು ಸಣ್ಣ ಸ್ಪೀಕರ್ ಅಥವಾ ಅವರಿಗೊಂದು ಹೆಡ್‌ಫೋನ್. ಸದ್ದು ಕಿವಿಯ ಹತ್ತಿರ ಬಂದರೆ ಮನೆಯೆಲ್ಲ ಗದ್ದಲ ಮಾಡಬೇಕಾಗಿಲ್ಲ. ಎಲ್ಲಕ್ಕೂ ಮೊದಲು ಕಿವಿಯ ಡಾಕ್ಟರರಿಗೆ ಒಮ್ಮೆ ತೋರಿಸಬೇಕು. ಹೋಮ್ ಥಿಯೇಟರಿನ ರೊಕ್ಕದಲ್ಲಿ ಶ್ರವಣಯಂತ್ರವೇ ಬಂದರೆ ಆಯಿಗೆ ಟಿವಿ ಅಷ್ಟೇ ಅಲ್ಲ, ಮೊಮ್ಮಕ್ಕಳ ಮಾತೂ ಕೇಳೀತು.

ಪಡಸಾಲೆಯ ಮಾತೂ ಒಂದಿಷ್ಟು. ಟೈಲ್ಸಿನ ನೆಲ, ಬರಿಗೋಡೆ ಇರುವಲ್ಲಿ ಸದ್ದು ಪ್ರತಿಧ್ವನಿಸಿ ಮಾತು ಕಲಸಿಹೋಗುತ್ತದೆ. ಆಗ ನಾವು ಇನ್ನೂ ಸದ್ದು ಏರಿಸುತ್ತೇವೆ. ನೆಲಕ್ಕೊಂದು ನವಲಗುಂದದ ಜಮಖಾನೆ, ಕಿಟಕಿಗೆ ದಪ್ಪ ಪರದೆ, ಗೋಡೆಗೆ ಪುಸ್ತಕದ ಕಪಾಟು ಇದ್ದರೆ ಕಡಿಮೆ ಸದ್ದಿನಲ್ಲಿಯೇ ಮಾತು ತಿಳಿಯುತ್ತದೆ. ಸಬ್‌ವೂಫರ್ ಬೇಕೇ ಬೇಕೆಂದರೆ ಅದರ ಕೆಳಗೆ ದಪ್ಪ ರಬ್ಬರ್ ಹಾಕಿ, ಖೋಲಿಗಳ ಕಡೆಯ ಗೋಡೆಯಿಂದ ದೂರವಿಡಬೇಕು. ಬಹಳ ಯಂತ್ರಗಳಲ್ಲಿ ರಾತ್ರಿಯ ಕ್ರಮವೆಂಬ ಗುಂಡಿ ಇರುತ್ತದೆ, ಅದು ಸಿಡಿತ-ಬಡಿತ ತಗ್ಗಿಸಿ ಮಾತನ್ನು ಎತ್ತುತ್ತದೆ. ಈ ಊರಿನಲ್ಲಿ ಅದನ್ನು ಹಗಲೂ ಬಳಸಬೇಕು. ಪಾಳಿಯ ಪಟ್ಟಿಯನ್ನು ಹುಡುಗರಿಂದಲೇ ವಾರಕ್ಕೊಮ್ಮೆ ಕೇಳಿ ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ ಎಂದು ನಾನು ಹೇಳಿದೆ. "ತ್ರಾಸ ಐತೇನು?" ಎಂದು ಕೇಳುವುದಕ್ಕಿಂತ "ಈ ವಾರ ಯಾವ ಪಾಳಿ?" ಎಂದು ಕೇಳಿದರೆ ಅವರಿಗೆ ನಿಜ ಹೇಳುವುದು ಸುಲಭ.

ಹಳೆಯ 32 ಇಂಚಿನ ಟಿವಿಯನ್ನು ಖೋಲಿಯ ಹುಡುಗರಿಗೆ ಕೊಡುವ ವಿಚಾರ ಮನೆಯವರಿಗೆ ತಾವಾಗಿಯೇ ಬಂದಿದೆ. ಕೊಡಲಿ, ಆದರೆ ಕೊಟ್ಟದ್ದು ಸದ್ದಿನ ಪರಿಹಾರವೆಂದು ಅಲ್ಲ. ಅಟ್ಟದ ಮೇಲೆ ಅದಕ್ಕೂ ಹಳೆಯದೊಂದು, ಗಾಜಿನ ಕೊಳವೆಯ ಡಬ್ಬಿ ಟಿವಿ ಇದೆಯಂತೆ. ಅದರ ಗಾಜಿನಲ್ಲಿ ಸೀಸ ಇರುತ್ತದೆ. ಹಿತ್ತಲಿನಲ್ಲಿ ಒಡೆಯಬಾರದು, ಗುಜರಿಯವನಿಗೂ ಹಾಕಬಾರದು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಣಿಯಾದ ಮರುಬಳಕೆದಾರರಿಗೆ ಅದು ಸೇರಬೇಕು. ಆದರೆ ಆಯಿ ಮಾತ್ರ ಅದನ್ನು ಕೊಡಲು ಇನ್ನೂ ಒಪ್ಪಿಲ್ಲ ಎಂದು ಸುದ್ದಿ.