ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಕಳೆದ ಮಳೆಗಾಲದ ಒಂದು ಶನಿವಾರ ರಾತ್ರಿಯ ಮಾತು. ನನಗೆ ನೆಗಡಿ ಹಿಡಿದು ಮೂರು ದಿನವಾಗಿತ್ತು. ಮೂಗು ಕಟ್ಟಿತ್ತು, ಗಂಟಲು ಕೆರೆಯುತ್ತಿತ್ತು, ತಲೆ ಕಲ್ಲಿನಂತಾಗಿತ್ತು. ಮರುದಿನದ ಪೂಜೆಗೆ ಪ್ರಕಟಣೆಗಳನ್ನೂ ವಿಶ್ವಾಸಿಗಳ ಪ್ರಾರ್ಥನೆಗಳನ್ನೂ ಮುದ್ರಿಸಿಡಬೇಕಾಗಿತ್ತು. ಗಾಯನ ವೃಂದದ ಯುವಕನೊಬ್ಬ ಎಲ್ಲವನ್ನೂ ಟೈಪ್ ಮಾಡಿ ಪೆನ್‌ಡ್ರೈವಿನಲ್ಲಿ ಕೊಟ್ಟು ಹೋಗಿದ್ದ. ಗುರುನಿವಾಸದ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ! ಬರೀ ಇಂಗ್ಲಿಷ್ ಅಕ್ಷರಗಳು; ಕೆಲವಕ್ಕೆ ತಲೆಯ ಮೇಲೆ ಕೊಂಬು, ಕೆಲವಕ್ಕೆ ಕೆಳಗೆ ಬಾಲ. ಮುಚ್ಚಿ ತೆರೆದೆ. ಮತ್ತೆ ಮುಚ್ಚಿ ತೆರೆದೆ. ಕೊನೆಗೆ ಯಂತ್ರವನ್ನೇ ಆಫ್ ಮಾಡಿ ಆನ್ ಮಾಡಿದೆ. ಅದು ತಾನಾಗಿ ಅಪ್‌ಡೇಟ್ ಆಗತೊಡಗಿ, ಶೇಕಡಾ 30ಕ್ಕೆ ಬಂದು ನಿಂತುಬಿಟ್ಟಿತು.

ಅದೇ ಹೊತ್ತಿಗೆ ನಮ್ಮ ಅಡುಗೆಯ ಅಮ್ಮ ಕಾಳುಮೆಣಸಿನ ಕಷಾಯ ಹಿಡಿದು ಬಾಗಿಲಲ್ಲಿ ನಿಂತರು. ಅರವತ್ತು ದಾಟಿದ ವಿಧವೆ. ನಾನು ಈ ಧರ್ಮಕೇಂದ್ರಕ್ಕೆ ಬರುವ ಮೊದಲಿನಿಂದಲೂ ಇಲ್ಲಿ ದುಡಿಯುತ್ತಿರುವವರು. "ಫಾದರ್, ಸೋಮವಾರ ಬೆಳಿಗ್ಗೆ ನಾನು ಸ್ವಲ್ಪ..." ಎಂದು ಏನೋ ಹೇಳಲು ಬಾಯಿ ತೆರೆದರು.

"ನಾನಿಲ್ಲಿ ಕೆಲಸದಲ್ಲಿರುವುದು ನಿಮಗೆ ಕಾಣುವುದಿಲ್ಲವೇ? ಯಾವಾಗ ನೋಡಿದರೂ ಒಂದಲ್ಲ ಒಂದು!" ಎಂದು ರೇಗಿದೆ.

ಅವರು ಲೋಟವನ್ನು ಮೇಜಿನ ಮೇಲಿಟ್ಟು, ಮಾತಾಡದೆ ಹೋದರು. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ" ಎಂದು ನಮ್ಮ ಹಿರಿಯರು ಹೇಳುತ್ತಾರೆ. ಜ್ವರ ಬಂದದ್ದು ಕಂಪ್ಯೂಟರಿಗೆ. ಬರೆ ಬಿದ್ದದ್ದು ನನ್ನ ನೆಗಡಿಗೆ ಕಷಾಯ ಕಾಯಿಸಿ ತಂದವರಿಗೆ.

ಇದು ನೈತಿಕ ವಿಷಯವೇ?

ಕೊಲೆ, ಕಳ್ಳತನ, ಸುಳ್ಳುಸಾಕ್ಷಿ ಇವು ನೈತಿಕ ಪ್ರಶ್ನೆಗಳೆಂದು ಎಲ್ಲರೂ ಒಪ್ಪುತ್ತಾರೆ. ಕಟ್ಟಿದ ಮೂಗು, ಕೈಕೊಟ್ಟ ಕಂಪ್ಯೂಟರು, ತಪ್ಪಿಹೋದ ಬಸ್ಸು, ಹೋದ ಕರೆಂಟು ಇವೆಲ್ಲ ಧರ್ಮಾಧರ್ಮಗಳ ಲೆಕ್ಕಕ್ಕೆ ಬರುತ್ತವೆಯೇ? ಬರುತ್ತವೆ ಎಂದು ನನಗೆ ಅನ್ನಿಸುತ್ತದೆ. ಕಾರಣ ಸರಳವಾದದ್ದು. ಪ್ರಾಣಕ್ಕೇ ಬರುವಂಥ ದೊಡ್ಡ ಪರೀಕ್ಷೆ ಮನುಷ್ಯನ ಬಾಳಿನಲ್ಲಿ ಎಷ್ಟು ಸಲ ಬಂದೀತು? ಆದರೆ ನೆಗಡಿಯೊಂದೇ ಬೆಳೆದವರಿಗೆ ವರ್ಷಕ್ಕೆ ಎರಡು ಮೂರು ಸಲ ಬರುತ್ತದೆ. ಅದನ್ನು ತರುವ ವೈರಸ್‌ಗಳಲ್ಲಿ ರೈನೋವೈರಸ್ ಎಂಬ ಒಂದೇ ಗುಂಪಿನಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಆದ್ದರಿಂದ ಒಂದರಿಂದ ಪಾರಾದವನನ್ನು ಇನ್ನೊಂದು ಹಿಡಿಯುತ್ತದೆ. ಆ್ಯಂಟಿಬಯಾಟಿಕ್ ಮಾತ್ರೆಗಳು ಅದನ್ನು ಗುಣಪಡಿಸುವುದಿಲ್ಲ. ಔಷಧ ತೆಗೆದುಕೊಂಡರೆ ಒಂದು ವಾರ, ಇಲ್ಲದಿದ್ದರೆ ಏಳು ದಿನ ಎಂದು ಜನ ನಗೆಯಾಡುವುದು ಅದಕ್ಕೇ. ನಮ್ಮ ಸ್ವಭಾವವು ರೂಪುಗೊಳ್ಳುವುದು ಹೆಚ್ಚಾಗಿ ಇಂಥ ಏಳು ದಿನಗಳಲ್ಲಿ. ನಮ್ಮ ಮನೆಯವರಿಗೆ ನಾವು ಎಂಥವರೆಂದು ಗೊತ್ತಾಗುವುದೂ ಆಗಲೇ.

ಕೋಪ ಯಾರ ಮೇಲೆ?

ಮರುದಿನ ಆ ಯುವಕ ಬಂದು ವಿವರಿಸಿದ. ಹಳೆಯ ಕನ್ನಡ ತಂತ್ರಾಂಶಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರಂತೆ. ಆ ಫಾಂಟ್ ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತದೆ. ಇಲ್ಲದ ಯಂತ್ರದಲ್ಲಿ ಅಡಿಯಲ್ಲಿರುವ ಇಂಗ್ಲಿಷೇ ಮೇಲೆ ಬರುತ್ತದೆ. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಖ್ಯೆಗಳು ದೊರೆತಿದ್ದವು. ಆದರೂ ಹಳೆಯ ಪದ್ಧತಿಯಲ್ಲಿ ಕಲಿತ ಕೈಗಳು ಹಳೆಯದನ್ನೇ ಬಳಸುತ್ತವೆ. ಅಂದರೆ, ಶನಿವಾರ ರಾತ್ರಿ ನನ್ನನ್ನು ಕಾಡಬೇಕೆಂದು ಯಾರೂ ಏನೂ ಮಾಡಿರಲಿಲ್ಲ. ನನಗೆ ಶತ್ರುವೇ ಇರಲಿಲ್ಲ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ವಿವರಣೆಯೊಂದು ನನಗೆ ಒಣ ತರ್ಕವೆಂದು ತೋರಿತ್ತು. ಕೋಪವೆಂದರೆ ತನಗಾದ ಅನ್ಯಾಯಕ್ಕೆ ಪ್ರತೀಕಾರವನ್ನು ಬಯಸುವುದು. ಆದ್ದರಿಂದ ಅದು ಅನ್ಯಾಯ ಮಾಡಬಲ್ಲವರ ಮೇಲೆ ಮಾತ್ರ ಹರಿಯಬೇಕು. ನಿರ್ಜೀವ ವಸ್ತುವಿನ ಮೇಲೆ ಕೋಪ ಬರುವುದಾದರೆ ಅದು ವಿವೇಕದಿಂದಲ್ಲ, ಕಲ್ಪನೆಯಿಂದ. ಅವರಿಗಿಂತ ಹನ್ನೆರಡು ಶತಮಾನಗಳ ಹಿಂದೆ, ರೋಮಿನ ತತ್ತ್ವಜ್ಞಾನಿ ಸೆನೆಕಾ ಕೋಪದ ಬಗ್ಗೆ ಮೂರು ಭಾಗಗಳ ಗ್ರಂಥ ಬರೆದು ಇದನ್ನೇ ಹೇಳಿದ್ದ. ಅಕ್ಷರ ತೀರಾ ಸಣ್ಣದಾಗಿದೆಯೆಂದು ಪುಸ್ತಕವನ್ನು ಎಸೆಯುವವರನ್ನೂ ತಪ್ಪುಗಳಿವೆಯೆಂದು ಅದನ್ನು ಹರಿಯುವವರನ್ನೂ ಅವನು ಉದಾಹರಿಸುತ್ತಾನೆ. ಓದಲಾಗದ ಅಕ್ಷರಕ್ಕೆ ಸಿಟ್ಟಾಗುವ ರೋಗ ಎರಡು ಸಾವಿರ ವರ್ಷ ಹಳೆಯದು ಎಂದಾಯಿತು!

ಆದರೆ ಇಲ್ಲೊಂದು ಅಪಾಯವಿದೆ. ವಸ್ತುವಿನ ಮೇಲೆ ಬಂದ ಕೋಪಕ್ಕೆ ಅಲ್ಲಿ ತೃಪ್ತಿ ಸಿಗುವುದಿಲ್ಲ. ಕಂಪ್ಯೂಟರು ನಾಚುವುದಿಲ್ಲ, ನೆಗಡಿ ಕ್ಷಮೆ ಕೇಳುವುದಿಲ್ಲ. ಆಗ ಆ ಕೋಪ ನಾಚಬಲ್ಲ, ಅಳಬಲ್ಲ ಜೀವವೊಂದನ್ನು ಹುಡುಕುತ್ತದೆ. ಅದೂ ಎದುರು ಮಾತಾಡದ ಜೀವವನ್ನೇ ಹುಡುಕುತ್ತದೆ. ಆ ರಾತ್ರಿ ಬಾಗಿಲಲ್ಲಿ ಧರ್ಮಾಧ್ಯಕ್ಷರು ನಿಂತಿದ್ದರೆ ನಾನು ರೇಗುತ್ತಿದ್ದೆನೇ? ಖಂಡಿತ ಇಲ್ಲ, ನೆಗಡಿಯಲ್ಲೂ ನಗುತ್ತಿದ್ದೆ. ಹಾಗಾದರೆ "ತಡೆಯಲಾಗಲಿಲ್ಲ" ಎಂಬ ನಮ್ಮ ನೆಪ ಪೂರ್ತಿ ನಿಜವಲ್ಲ. ಯಾರ ಮುಂದೆ ತಡೆಯಬೇಕು, ಯಾರ ಮುಂದೆ ಬೇಕಾಗಿಲ್ಲ ಎಂಬ ಲೆಕ್ಕ ನಮ್ಮೊಳಗೆ ಮೊದಲೇ ಆಗಿರುತ್ತದೆ. ಕಿರಿಕಿರಿ ಚಿಕ್ಕದಿರಬಹುದು, ಈ ಲೆಕ್ಕ ಚಿಕ್ಕದಲ್ಲ.

ಬಟ್ಟೆ ಒಗೆಯುವ ಕಲ್ಲಿನ ಬಳಿ

ಫ್ರಾನ್ಸಿನ ಲಿಸ್ಯೂ ಪಟ್ಟಣದ ಕಾರ್ಮೆಲ್ ಮಠದಲ್ಲಿ ಬಾಳಿ, 1897ರಲ್ಲಿ 24ನೆಯ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಹೋದ ಸಂತ ತೆರೇಸಳ ಆತ್ಮಕಥೆಯಲ್ಲಿ ಇಂಥ ಕಿರಿಕಿರಿಗಳ ವಿವರಗಳಿವೆ. ಧ್ಯಾನದ ಹೊತ್ತಿನಲ್ಲಿ ಅವಳ ಹಿಂದೆ ಕೂರುತ್ತಿದ್ದ ಸೋದರಿಯೊಬ್ಬಳು ಬಿಡದೆ ಏನೋ ಸಣ್ಣ ಸದ್ದು ಮಾಡುತ್ತಿದ್ದಳು. ತಿರುಗಿ ಒಮ್ಮೆ ದುರುಗುಟ್ಟಿ ನೋಡಬೇಕೆಂದು ತೆರೇಸಳಿಗೆ ಬಹಳ ಅನ್ನಿಸುತ್ತಿತ್ತಂತೆ. ಆದರೆ ತಿರುಗಲಿಲ್ಲ; ಆ ಸದ್ದನ್ನೇ ಸಂಗೀತವೆಂಬಂತೆ ಆಲಿಸಲು ಪ್ರಯತ್ನಿಸಿ ಅದನ್ನು ಪ್ರಭುವಿಗೆ ಅರ್ಪಿಸಿದಳು. ಬಟ್ಟೆ ಒಗೆಯುವಲ್ಲಿ ಎದುರಿದ್ದ ಸೋದರಿ ಕರವಸ್ತ್ರ ಕುಕ್ಕುವಾಗಲೆಲ್ಲ ಕೊಳೆನೀರು ಇವಳ ಮುಖಕ್ಕೆ ಸಿಡಿಯುತ್ತಿತ್ತು. ಹಿಂದೆ ಸರಿದು ಮುಖ ಒರೆಸಿಕೊಂಡು, 'ನೋಡು ನೀನು ಮಾಡಿದ್ದು' ಎಂದು ಸೂಚಿಸುವುದು ಸುಲಭವಿತ್ತು. ಅದನ್ನೂ ಅವಳು ಮಾಡಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತನಗೆ ಕಿರಿಕಿರಿಯೇ ಆಗಲಿಲ್ಲವೆಂದು ತೆರೇಸ ಹೇಳುವುದಿಲ್ಲ. ಬೆವರು ಬರುವಷ್ಟು ಕಷ್ಟವಾಯಿತು ಎಂದೇ ಬರೆಯುತ್ತಾಳೆ. ತಾಳ್ಮೆಯೆಂದರೆ ನೋವು ತಿಳಿಯದ ಜಡತನವಲ್ಲ. ಆ ನೋವು ಎದುರಿಗಿರುವ ಸೋದರಿಯನ್ನು ಅವಮಾನಿಸುವ ಆಯುಧವಾಗದಂತೆ ನೋಡಿಕೊಳ್ಳುವುದೇ ತಾಳ್ಮೆ. ದುಃಖದ ರಭಸದಲ್ಲಿ ವಿವೇಕವು ಕೊಚ್ಚಿಹೋಗದಂತೆ ಕಾಯುವ ಸದ್ಗುಣವೆಂದು ಅಕ್ವಿನಾಸರು ಅದನ್ನು ವಿವರಿಸಿದ್ದಾರೆ.

ಗಲ್ಲಿಯೋನನ ಶಾಂತಿ

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನ ಸುಖವಾಗಿ ಮುಗಿಯುತ್ತಿತ್ತು. ಆದರೆ ನನ್ನ ಕಥೆ ಮುಗಿದಿರಲಿಲ್ಲ.

ಸೋಮವಾರ ಅಡುಗೆಯ ಅಮ್ಮ ಬಂದಾಗ ಹತ್ತೂವರೆ. ಶನಿವಾರ ಹೇಳಲು ಬಂದದ್ದು ಏನೆಂದು ಕೇಳಿದೆ. ರೇಷನ್ ಅಂಗಡಿಗೆ ಹೋಗಬೇಕಿತ್ತಂತೆ. ಯಂತ್ರದ ಮೇಲೆ ಬೆರಳಿಟ್ಟರೆ ಬೆರಳಚ್ಚು ಹೊಂದುತ್ತಿಲ್ಲ. ಇದು ಮೂರನೆಯ ಸಲ. ಅಂಗಡಿಯವರು "ನಾಳೆ ನೋಡೋಣಮ್ಮ" ಎಂದರಂತೆ. ನೆಗಡಿ ಇಳಿದಿತ್ತು, ಭಾನುವಾರ ಚೆನ್ನಾಗಿ ಕಳೆದಿತ್ತು. ನಾನು ಬಹಳ ಮೃದುವಾಗಿ, "ತಾಳ್ಮೆ ಇರಲಿ ಅಮ್ಮಾ. ತಾಳಿದವರು ಬಾಳುತ್ತಾರೆ" ಎಂದೆ.

ರಾತ್ರಿ ಆತ್ಮಶೋಧನೆಯ ಹೊತ್ತಿನಲ್ಲಿ ಆ ಮಾತು ನನ್ನನ್ನು ಚುಚ್ಚಿತು. ಆಗ ನೆನಪಾದವನು ಗಲ್ಲಿಯೋನ.

ಸೆನೆಕಾ ತನ್ನ ಕೋಪದ ಗ್ರಂಥವನ್ನು ಬರೆದದ್ದು ತಮ್ಮನಿಗಲ್ಲ, ಮಗನಿಗಲ್ಲ, ಅಣ್ಣನಾದ ನೊವಾಟಸ್‌ನಿಗೆ. ಕೋಪವನ್ನು ಶಮನ ಮಾಡುವುದು ಹೇಗೆಂದು ಬರೆದುಕೊಡಲು ಆ ಅಣ್ಣನೇ ಕೇಳಿದ್ದನಂತೆ. ದತ್ತು ಹೋದ ಮೇಲೆ ಅವನ ಹೆಸರು ಗಲ್ಲಿಯೋನ ಎಂದಾಯಿತು. ಅವನ ಸೌಮ್ಯ ಸ್ವಭಾವವನ್ನು ಸೆನೆಕಾ ಇನ್ನೊಂದು ಗ್ರಂಥದಲ್ಲಿ ಹೊಗಳಿದ್ದಾನೆ. ಕ್ರಿ.ಶ. 51ರ ಸುಮಾರಿಗೆ ಅವನು ಅಖಾಯದ ರಾಜ್ಯಪಾಲನಾಗಿದ್ದ. ಪ್ರೇಷಿತರ ಕಾರ್ಯಕಲಾಪಗಳ 18ನೆಯ ಅಧ್ಯಾಯದಲ್ಲಿ ಕೊರಿಂಥದ ನ್ಯಾಯಪೀಠದ ಮೇಲೆ ಕುಳಿತಿರುವವನು ಇವನೇ. ಸಂತ ಪೌಲರ ಮೇಲಿನ ದೂರನ್ನು ಅವನು ತಳ್ಳಿಹಾಕಿದ್ದು ಸರಿಯಾಗಿಯೇ ಇತ್ತು. ಆಮೇಲೆ ನಡೆದದ್ದೇನು? ಜನರು ಸೊಸ್ಥೆನ ಎಂಬವನನ್ನು ಹಿಡಿದು ಆ ನ್ಯಾಯಪೀಠದ ಮುಂದೆಯೇ ಹೊಡೆದರು. ಗಲ್ಲಿಯೋನನು ಅದನ್ನು ಲಕ್ಷಿಸಲೇ ಇಲ್ಲ.

ಕೋಪವನ್ನು ಗೆದ್ದವನ ಶಾಂತಿ ಅದು! ಹೊಡೆತ ಬೀಳುತ್ತಿದ್ದದ್ದು ಬೇರೆಯವನ ಬೆನ್ನಿಗೆ. ಸೋಮವಾರ ಬೆಳಿಗ್ಗೆ ನನ್ನಲ್ಲಿದ್ದದ್ದೂ ಅದೇ ಶಾಂತಿ. ಶನಿವಾರ ನನ್ನ ಕಿರಿಕಿರಿಗೆ ನಾನು ನ್ಯಾಯ ಕೇಳಿದೆ. ಸೋಮವಾರ ಅವರ ಕಷ್ಟಕ್ಕೆ ತಾಳ್ಮೆ ಬೋಧಿಸಿದೆ. ಇರಬೇಕಾದದ್ದು ಇದಕ್ಕೆ ತಿರುಗುಮುರುಗು: ನನ್ನ ಕಿರಿಕಿರಿ ನನ್ನ ತಾಳ್ಮೆಗೆ ಸೇರಿದ್ದು, ಇನ್ನೊಬ್ಬರ ಕಷ್ಟ ನನ್ನ ನ್ಯಾಯಬುದ್ಧಿಗೆ ಸೇರಿದ್ದು. ಕಾರಣವಿರುವಾಗಲೂ ಕೋಪವೇ ಬಾರದಿರುವುದು ಕೂಡ ದೋಷವಾಗಬಹುದೆಂದು ಅಕ್ವಿನಾಸರು ಬರೆದದ್ದನ್ನು ನಾವು ಬೋಧಕರು ಬೇಗ ಮರೆಯುತ್ತೇವೆ.

ಮಂಗಳವಾರ ನಾನೂ ಅವರೊಂದಿಗೆ ಹೋದೆ. ಅಂಗಡಿಯವರು ಕೆಟ್ಟವರಲ್ಲ. "ಸರ್ವರ್ ಇಲ್ಲ ಫಾದರ್, ಬೆಳಿಗ್ಗೆಯಿಂದ ನನಗೂ ಸಾಕಾಗಿದೆ" ಎಂದು ಅವರೂ ತಮ್ಮ ಯಂತ್ರವನ್ನು ಶಪಿಸುತ್ತಿದ್ದರು. ಅಮ್ಮನ ಹತ್ತೂ ಬೆರಳುಗಳನ್ನು ಒರೆಸಿ ಒರೆಸಿ ಇಡಿಸಿದರು. ಆಗಲೇ ನಾನು ಆ ಬೆರಳುಗಳನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದ್ದು. ವಯಸ್ಸಾದಂತೆ ಬೆರಳ ತುದಿಯ ಗೆರೆಗಳು ತಗ್ಗುತ್ತವೆ, ಚರ್ಮ ಒಣಗುತ್ತದೆ. ಸಿಮೆಂಟು, ಸುಣ್ಣ, ಸೋಪಿನ ಪುಡಿಗಳಲ್ಲಿ ದುಡಿಯುವವರ ಕೈಗಳಲ್ಲಿ ಇನ್ನೂ ಬೇಗ ಸವೆಯುತ್ತವೆ. ಅಮ್ಮನ ಬೆರಳುಗಳು ಸವೆದದ್ದು ಗುರುನಿವಾಸದ ಪಾತ್ರೆಗಳನ್ನು ತಿಕ್ಕಿ. ನಾನು ಉಂಡ ತಟ್ಟೆಗಳು ಅವು.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯವನ್ನು ಹಕ್ಕಾಗಿ ಕೊಟ್ಟಿದೆ. ಬೆರಳಚ್ಚು ಹೊಂದಲಿಲ್ಲವೆಂಬ ಕಾರಣಕ್ಕೆ ಅರ್ಹರನ್ನು ಬರಿಗೈಯಲ್ಲಿ ಕಳುಹಿಸಬಾರದು, ಬೇರೆ ದಾಖಲೆ ನೋಡಿ ಕೊಡಬೇಕು ಎಂದು ಕೇಂದ್ರ ಸರ್ಕಾರವೇ 2017ರಲ್ಲಿ ರಾಜ್ಯಗಳಿಗೆ ಸೂಚಿಸಿತ್ತು. ಅದನ್ನು ಹೇಳಿ, ಒಂದು ಅರ್ಜಿ ಬರೆದು, ಕಚೇರಿಗೆ ಎರಡು ಸಲ ಅಲೆದ ಮೇಲೆ ಅಕ್ಕಿ ಸಿಕ್ಕಿತು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಮೊದಲ ಸಲ ಬರಿಗೈಯಲ್ಲಿ ಮರಳಿದ ದಿನವೇ ನಾನು ಕೇಳಬೇಕಾಗಿತ್ತು. ಶನಿವಾರದ ನನ್ನ ಮಾತಿಗೆ ಕ್ಷಮೆ ಕೇಳಿದಾಗ ಅವರು, "ಅದೇನು ಫಾದರ್, ನಿಮಗೆ ಹುಷಾರಿರಲಿಲ್ಲ" ಎಂದು ನನ್ನ ನೆಪವನ್ನು ತಾವೇ ನನಗೆ ಕೊಟ್ಟುಬಿಟ್ಟರು.

ಮಲಗುವ ಮುನ್ನ

ಸೆನೆಕಾ ಪ್ರತಿ ರಾತ್ರಿ ದೀಪ ಆರಿಸಿದ ಮೇಲೆ ಹಗಲಿನ ತನ್ನ ನಡೆನುಡಿಗಳನ್ನೆಲ್ಲ ತಾನೇ ವಿಚಾರಣೆಗೆ ಒಳಪಡಿಸುತ್ತಿದ್ದನಂತೆ. ನಮ್ಮ ಮನೆಗಳಲ್ಲಿಯೂ ಜಪಸರದ ನಂತರ ಒಂದು ನಿಮಿಷದ ಮೌನ ಕಷ್ಟವಲ್ಲ. ಆ ಒಂದು ನಿಮಿಷಕ್ಕೆ ನಾನು ಎರಡು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ. ಇಂದು ನನಗಾದ ಕಿರಿಕಿರಿಯ ಬೆಲೆಯನ್ನು ಯಾರು ತೆತ್ತರು? ಇಂದು ಯಾರ ಕಷ್ಟಕ್ಕೆ ನಾನು ಸಹಾಯ ಕೊಡುವ ಬದಲು ತಾಳ್ಮೆಯ ಉಪದೇಶ ಕೊಟ್ಟೆ?

ನಿಮ್ಮ ಮನೆಯಲ್ಲಿಯೂ ಕಷಾಯ ಹಿಡಿದು ಬಾಗಿಲಲ್ಲಿ ನಿಲ್ಲುವವರು ಒಬ್ಬರಿದ್ದಾರೆ. ಹೆಂಡತಿಯಿರಬಹುದು, ಅತ್ತೆಯಿರಬಹುದು, ಕೆಲಸದವರಿರಬಹುದು. ಅವರು ಏನೋ ಹೇಳಲು ಬಂದಿದ್ದರಲ್ಲವೇ? ಈ ವಾರ ಅವರನ್ನು ಕೂರಿಸಿ, ಅರ್ಧಕ್ಕೆ ನಿಂತ ಆ ಮಾತನ್ನು ಪೂರ್ತಿ ಕೇಳಿ.