ಗಾಳ ಹಾಕುವ ಸಿಪಾಯಿಯೂ ಮನಸ್ಸಿನ ವಿಶ್ರಾಂತಿಯೂ

ಕಷ್ಟದ ಕಾಲದಲ್ಲಿ ಮನುಷ್ಯನು ಒಂದು ಗಳಿಗೆ ಹಗುರವಾಗಿರುವದು ಸರಿಯೋ ತಪ್ಪೋ ಎಂಬ ಪ್ರಶ್ನೆಯು ನಮ್ಮ ಹಳ್ಳಿಗಳಲ್ಲಿ ಆಗಾಗ ಏಳುತ್ತದೆ. ಸಾವಾದ ಮನೆಯಲ್ಲಿ ನಕ್ಕವನನ್ನು ಜನರು ನಿಂದಿಸುತ್ತಾರೆ. ಸಾಲದಲ್ಲಿ ಮುಳುಗಿದವನು ಹೊಳೆಯ ಬದಿಯಲ್ಲಿ ಗಾಳ ಹಿಡಿದು ಕೂತರೆ ಇವನಿಗೆ ಬುದ್ಧಿಯಿಲ್ಲವೆನ್ನುತ್ತಾರೆ. ಹೀಗಿರಲಾಗಿ, ಪರದೇಶದ ಯುದ್ಧಭೂಮಿಯಲ್ಲಿ ಸಂಗಡಿಗರು ಸಾಯುತ್ತಿರುವಾಗ ಒಬ್ಬ ಸಿಪಾಯಿಯು ಮೀನು ಹಿಡಿಯುವ ಆಟದಿಂದ ಉಪಶಮನ ಹೊಂದಿದರೆ ಅವನನ್ನು ಕುರಿತು ನಾವು ಏನು ಹೇಳತಕ್ಕದ್ದು? ಈ ಸಂಗತಿಯನ್ನು ಸ್ವಲ್ಪ ವಿಚಾರಿಸೋಣ.

ಇದು ಕಲ್ಪನೆಯ ಮಾತಲ್ಲ. 2003ರಲ್ಲಿ ಅಮೇರಿಕದ ದಂಡು ಇರಾಕ್ ದೇಶವನ್ನು ಹೊಕ್ಕು 2011ರ ಕೊನೆಯ ವರೆಗೆ ಅಲ್ಲಿ ನಿಂತಿತ್ತು. ಆ ದೇಶವು ನಮ್ಮವರಿಗೆ ತೀರ ಅಪರಿಚಿತವಲ್ಲ, ಕೊಡಗಿನ ಕೆ. ಎಂ. ಕಾರ್ಯಪ್ಪನವರು 1941-42ರಲ್ಲಿ ಹಿಂದೂಸ್ಥಾನದ ದಂಡಿನೊಡನೆ ಅಲ್ಲಿ ಸೇವೆ ಮಾಡಿದ್ದರು. ಬಾಗ್ದಾದಿನ ಬಳಿಯಲ್ಲಿ ಅಮೇರಿಕದವರ ದೊಡ್ಡ ಠಾಣ್ಯವಿತ್ತು. ಅದಕ್ಕೆ ಕ್ಯಾಂಪ್ ವಿಕ್ಟರಿ ಎಂದು ಹೆಸರು. ಅದರೊಳಗೆ ಸದ್ದಾಂ ಹುಸೇನನ ಅರಮನೆಗಳ ಸುತ್ತಲೂ ತೋಡಿಸಿದ ಕೆರೆಗಳಿದ್ದವು. ಕಾವಲಿನ ಕೆಲಸ ತೀರಿದ ಮೇಲೆ ಕೆಲವು ಸಿಪಾಯಿಗಳು ಮನೆಯಿಂದ ತರಿಸಿದ ಕೋಲುಗಳನ್ನು ಹಿಡಿದು ಆ ಕೆರೆಗಳ ದಡಕ್ಕೆ ಹೋಗುತ್ತಿದ್ದರು. ಇತರರಿಗೆ ಈ ವಿದ್ಯೆಯನ್ನು ಕಲಿಸುವದಕ್ಕೋಸ್ಕರ ಅಲ್ಲಿಯೇ ಒಂದು ಸಣ್ಣ ಶಾಲೆಯನ್ನೂ ನಡಿಸಿದರು. 2005ರಲ್ಲಿ ವಾಷಿಂಗ್ಟನ್ ಪಟ್ಟಣದ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯಲ್ಲಿ ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್, ಅಂದರೆ ಗುಣಪಡಿಸುವ ನೀರು ಎಂಬ ಅರ್ಥದ ಸಂಘವು ಹುಟ್ಟಿ, ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರಿಗೂ ಇದೇ ಆಟವನ್ನು ಕಲಿಸತೊಡಗಿತು.

ಅವರು ಮೀನು ಹಿಡಿಯುವ ರೀತಿಯು ನಮ್ಮ ರೀತಿಯಂಥದ್ದಲ್ಲ. ನಾವು ಗಾಳಕ್ಕೆ ಎರೆಹುಳವನ್ನೋ ಸಿಗಡಿಯನ್ನೋ ಸಿಕ್ಕಿಸುತ್ತೇವೆ. ಅವರು ಸಣ್ಣ ಗಾಳಕ್ಕೆ ಹಕ್ಕಿಯ ಗರಿಯನ್ನೂ ನೂಲನ್ನೂ ಸುತ್ತಿ ಅದನ್ನು ನೊಣದಂತೆ ರೂಪಿಸುತ್ತಾರೆ. ನಮ್ಮ ಘಟ್ಟದ ಕಾಡುಕೋಳಿಯ ಕೊರಳಿನ ಗರಿಗಳು ಈ ಕೆಲಸಕ್ಕಾಗಿಯೇ ಹಿಂದೆ ವಿಲಾಯಿತಿಗೆ ಹೋಗುತ್ತಿದ್ದವು. ಇಂಥ ನೊಣಕ್ಕೆ ತೂಕವಿಲ್ಲವಾದದರಿಂದ ದಾರದ ತೂಕವೇ ಅದನ್ನು ಒಯ್ಯಬೇಕು. ಕೋಲನ್ನು ಹಿಂದಕ್ಕೆ ಬೀಸಿ, ದಾರವು ಬೆನ್ನ ಹಿಂದೆ ನೆಟ್ಟಗೆ ಚಾಚುವ ವರೆಗೆ ತಾಳಿ, ಆ ಮೇಲೆ ಮುಂದಕ್ಕೆ ಬೀಸಬೇಕು. ಅವಸರಪಟ್ಟರೆ ದಾರವು ಸಿಕ್ಕುಬಿದ್ದು ಕಾಲ ಬಳಿಯಲ್ಲೇ ಬೀಳುವದು. ಸಿಕ್ಕಿದ ಮೀನನ್ನು ಅನೇಕರು ತಿನ್ನದೆ ತಿರಿಗಿ ನೀರಿಗೇ ಬಿಡುತ್ತಾರೆ.

ಪರದೇಶದಲ್ಲಿ ಒಂಟಿಯಾಗಿದ್ದವರು ಗಾಳದಲ್ಲಿ ಸಮಾಧಾನ ಹುಡುಕಿದ್ದು ನಮ್ಮ ಸೀಮೆಯಲ್ಲಿಯೂ ಹೊಸತಲ್ಲ. ಹೆನ್ರಿ ಸಲಿವನ್ ಥಾಮಸ್ ಎಂಬವರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕಲೆಕ್ಟರರಾಗಿದ್ದರು. ಉಡುಪಿ ಜಿಲ್ಲೆಯು 1997ರಲ್ಲಿ ಬೇರೆಯಾಗುವ ತನಕ ನಮ್ಮ ಬೆಳ್ಮಣ್ ಸಹ ಆ ಜಿಲ್ಲೆಗೇ ಸೇರಿತ್ತು. ಹಿಂದೂಸ್ಥಾನದ ಹೊಳೆಗಳಲ್ಲಿ ಗಾಳ ಹಾಕುವ ಕ್ರಮವನ್ನು ಕುರಿತು ಅವರು ಬರೆದ ಇಂಗ್ಲಿಷ್ ಗ್ರಂಥವು 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ತಾಯ್ನಾಡನ್ನು ಬಿಟ್ಟು ಇಲ್ಲಿಯ ದಂಡಿನಲ್ಲಿಯೂ ಸರಕಾರದ ಕೆಲಸದಲ್ಲಿಯೂ ಇದ್ದ ಆಂಗ್ಲರು ಅದನ್ನು ಬಹುಕಾಲ ಕೈಪಿಡಿಯಾಗಿ ಇಟ್ಟುಕೊಂಡಿದ್ದರು.

ಈ ಆಟವು ನೊಂದ ಮನಸ್ಸಿಗೆ ಹೇಗೆ ಉಪಶಮನ ಕೊಡುತ್ತದೆ? ಭಯದಲ್ಲಿ ಬಹುದಿನ ಬದುಕಿದವನ ಮನಸ್ಸು ಕಂಡದ್ದನ್ನೇ ಮತ್ತೆ ಮತ್ತೆ ಕಾಣುತ್ತದೆ. ಗಾಣಕ್ಕೆ ಕಟ್ಟಿದ ಎತ್ತಿನಂತೆ ಒಂದೇ ಸುತ್ತಿನಲ್ಲಿ ತಿರುಗುತ್ತದೆ. ಅದನ್ನು ನಿಲ್ಲು ಎಂದು ಗದರಿಸಿದರೆ ನಿಲ್ಲುವದಿಲ್ಲ. ಆದರೆ ನೀರಿನ ಮೇಲಣ ಸಣ್ಣ ನೊಣವನ್ನು ನೋಡಬೇಕಾದಾಗ ಕಣ್ಣು ಹೊರಗೆ ತಿರುಗುತ್ತದೆ, ಕಣ್ಣಿನ ಹಿಂದೆ ಮನಸ್ಸೂ ಹೋಗುತ್ತದೆ. ಠಾಣ್ಯದಲ್ಲಿ ಅವನು ಕಾಯುವದು ಶತ್ರುವಿಗಾಗಿ. ಇಲ್ಲಿ ಅವನು ಕಾಯುವದು ಮೀನಿಗಾಗಿ. ಅದೇ ಎಚ್ಚರಿಕೆಯು ಇಲ್ಲಿ ಭಯವಿಲ್ಲದ್ದಾಗುತ್ತದೆ. ಇದಲ್ಲದೆ, ಕೊಲ್ಲುವದಕ್ಕೆ ಅಪ್ಪಣೆಹೊಂದಿದ ಕೈಯು ಒಂದು ಜೀವವನ್ನು ಹಿಡಿದು, ಕೊಲ್ಲಬಹುದಾದರೂ ಕೊಲ್ಲದೆ, ನೀರಿನಲ್ಲಿ ಇಳಿಸಿ ಅದು ಈಜಿಹೋಗುವದನ್ನು ನೋಡುತ್ತದೆ. ಅಂಥ ಕೈಗೆ ಇದು ಸಣ್ಣ ಸಂಗತಿಯಲ್ಲವೆಂದು ನಮಗೆ ತೋರುತ್ತದೆ.

ಇದಕ್ಕೆ ವಿರೋಧವಾಗಿ ಹೇಳುವ ಮಾತುಗಳು ಮೂರು ಇವೆ.

ಮೊದಲನೆಯದು, ಇದು ಸೋಮಾರಿತನವೆಂಬದು. ಆದರೆ ಮಧ್ಯಾಹ್ನ ನೊಗ ಬಿಚ್ಚಿದ ಎತ್ತನ್ನು ಯಾವ ಬೇಸಾಯಗಾರನೂ ಸೋಮಾರಿ ಎನ್ನುವದಿಲ್ಲ. ನಾವು ಎತ್ತಿಗೆ ಕೊಡುವ ನ್ಯಾಯವನ್ನು ಮನುಷ್ಯನಿಗೆ ಕೊಡದೆ ಹೋದರೆ ಅದು ನಮ್ಮ ತಪ್ಪು. ಪೇತ್ರನು ಸಹ ತನ್ನ ಜೀವಮಾನದ ಅತಿ ಭಾರವಾದ ದಿವಸಗಳಲ್ಲಿ ಸಂಗಡಿಗರನ್ನು ಕರಕೊಂಡು ತಿಬೇರಿಯ ಸಮುದ್ರಕ್ಕೆ ಮೀನು ಹಿಡಿಯಲು ಹೋದನು. ಅವನದು ಆಟವಲ್ಲ, ಕಸುಬು. ಆದಾಗ್ಯೂ ಬೆಳಗಾದಾಗ ದಡದಲ್ಲಿ ಅವನಿಗೆ ಸಿಕ್ಕಿದ್ದು ಗದರಿಕೆಯಲ್ಲ, ಬೆಂಕಿಯ ಬಳಿಯಲ್ಲಿ ಊಟ ಎಂಬದನ್ನು ನಾವು ಮರೆಯಬಾರದು.

ಎರಡನೆಯದು ಇದಕ್ಕಿಂತ ಕಠಿಣವಾದದ್ದು: ತನ್ನ ನೋವನ್ನು ಶಮನಮಾಡುವದಕ್ಕೆ ಮೀನಿಗೆ ನೋವು ಕೊಡುವದು ನ್ಯಾಯವೋ? ಮೊದಲ ಮಳೆಗೆ ಗದ್ದೆಗೆ ಏರಿ ಬರುವ ಉಬರ್ ಮೀನನ್ನು ನಮ್ಮ ಜನರು ರಾತ್ರಿಯಲ್ಲಿ ಹಿಡಿಯುವದು ಊಟಕ್ಕಾಗಿ. ಹಿಡಿದು ಬಿಡುವವನಿಗೆ ಆ ಕಾರಣವಿಲ್ಲ. ಅವನ ಸಮಾಧಾನದ ಬೆಲೆಯಲ್ಲಿ ಒಂದು ಪಾಲನ್ನು ಮೀನು ಕೊಡುತ್ತದೆ. ಇದನ್ನು ಮುಚ್ಚಿಡುವದು ಸತ್ಯವಲ್ಲ. ಆದದರಿಂದ ವಿವೇಕಿಯು ಮುಳ್ಳಿಲ್ಲದ ಗಾಳವನ್ನು ಕಟ್ಟುತ್ತಾನೆ, ಕೈಯನ್ನು ಒದ್ದೆಮಾಡಿಕೊಂಡೇ ಮೀನನ್ನು ಮುಟ್ಟುತ್ತಾನೆ, ಬೇಗನೆ ಬಿಡುತ್ತಾನೆ. ಮೀನು ಕಡಿಮೆಯಾದ ಕಡೆಯಲ್ಲಿ ಗಾಳವನ್ನೇ ಹಾಕುವದಿಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನು ಅಳಿದುಹೋಗುವ ಅಂಚಿನಲ್ಲಿದೆಯೆಂದು 2018ರಲ್ಲಿ ಲೋಕದ ಪಟ್ಟಿಯಲ್ಲಿ ಬರೆಯಲ್ಪಟ್ಟಿತು. ಹೊಳೆಗೆ ವಿಷ ಹಾಕುವದನ್ನೂ ಸಿಡಿಮದ್ದು ಹಾರಿಸುವದನ್ನೂ 1897ರ ಕಾನೂನು ನಿಷೇಧಿಸಿದರೂ ಹಾಗೆ ಮಾಡುವವರು ಇನ್ನೂ ಇದ್ದಾರೆ. ಅವರು ಮರಿಯನ್ನೂ ಮೊಟ್ಟೆಯನ್ನೂ ಉಳಿಸುವದಿಲ್ಲ. ಅವರ ಮುಂದೆ ಈ ಸಿಪಾಯಿಯ ಅಪರಾಧವು ಚಿಕ್ಕದು. ಆದರೂ ಏನೂ ಇಲ್ಲವೆಂದು ನಾವು ಹೇಳಲಾರೆವು.

ಮೂರನೆಯದು, ಹೀಗೆ ಹಗುರವಾದ ಸಿಪಾಯಿಯು ಮರುದಿನ ಇನ್ನೂ ಚೆನ್ನಾಗಿ ಯುದ್ಧ ಮಾಡಿಯಾನು, ಅಂತಃಕರಣದ ಬಾಯಿ ಕಟ್ಟಿಹೋದೀತು ಎಂಬದು. ಇದು ಯೋಚಿಸತಕ್ಕ ಮಾತು. ಉಪಶಮನಗಳಲ್ಲಿ ಎರಡು ಬಗೆಗಳಿವೆ. ಕಳ್ಳು ಸಾರಾಯಿಗಳು ಕೊಡುವದು ಒಂದು ಬಗೆ: ಕುಡಿದವನು ತನ್ನನ್ನೂ ತನ್ನ ಕೃತ್ಯವನ್ನೂ ಮರೆಯುತ್ತಾನೆ, ಅಮಲು ಇಳಿದಾಗ ಭಾರವು ಹೆಚ್ಚಾಗಿರುತ್ತದೆ, ಹೆಂಡತಿ ಮಕ್ಕಳೂ ಪೆಟ್ಟು ತಿಂದಿರುತ್ತಾರೆ. ನೀರಿನ ಬದಿಯ ಉಪಶಮನವು ಬೇರೆ ಬಗೆಯದು. ನಿದ್ದೆಗಣ್ಣಿನವನು ನೊಣವನ್ನು ಬೀಸಲಾರನು. ಅಲ್ಲಿ ಎಚ್ಚರವಿರಲೇ ಬೇಕು. ಶಾಂತವಾದ ಗಳಿಗೆಯಲ್ಲಿ ಮನುಷ್ಯನು ತಾನು ಮಾಡಿದ್ದನ್ನೂ ಕಳಕೊಂಡವರನ್ನೂ ನಡುಗದೆ ನೆನಸಬಲ್ಲನು. ನೆನಸಿದವನು ಮಾತ್ರವೇ ದುಃಖಿಸಬಲ್ಲನು, ದುಃಖಿಸಿದವನು ಮಾತ್ರವೇ ತಿದ್ದಿಕೊಳ್ಳಬಲ್ಲನು. ಆದದರಿಂದ ಯಾವ ವಿಶ್ರಾಂತಿಯನ್ನಾದರೂ ಹೀಗೆ ಪರೀಕ್ಷಿಸಬಹುದು: ಅದರಿಂದ ಎದ್ದು ಬಂದವನು ತನ್ನವರ ಮುಖವನ್ನು ಹೆಚ್ಚು ಪ್ರೀತಿಯಿಂದ ನೋಡುತ್ತಾನೋ ಇಲ್ಲವೋ?

ಹಾಗಾದರೆ ಗಾಳವೊಂದೇ ಎಲ್ಲವನ್ನು ಗುಣಮಾಡುವದೆಂದು ಯಾರೂ ತಿಳಿಯಬಾರದು. ರಾತ್ರಿಯಲ್ಲಿ ನಿದ್ದೆಯಿಲ್ಲದೆ ಬೆಚ್ಚಿಬೀಳುವವನಿಗೆ, ಬದುಕು ಬೇಡವೆನ್ನುವವನಿಗೆ ವೈದ್ಯರ ಸಹಾಯವೂ ಬೇಕು; ಅವನನ್ನು ಕರಕೊಂಡು ಹೋಗುವದು ಮನೆಯವರ ಕರ್ತವ್ಯ. ಅವನ ಬಾಯಿಂದ ಯುದ್ಧದ ಕಥೆಗಳನ್ನು ಎಳೆದು ಕೇಳುವದು ಸಹಾಯವಲ್ಲ.

ವಾಚಕರೇ, ನಮ್ಮ ಊರುಗಳಿಂದಲೂ ಯುವಕರು ದಂಡಿಗೆ ಹೋಗುತ್ತಾರೆ. ಗಲ್ಫ್ ದೇಶಗಳಿಗೂ ಹಡಗುಗಳಿಗೂ ಹೋಗಿ ಒಂಟಿಯಾಗಿ ದುಡಿಯುವವರು ಇನ್ನೂ ಹೆಚ್ಚು. ಅವರಲ್ಲಿ ಒಬ್ಬನು ರಜೆಯ ಮೇಲೆ ಬಂದು, ನೆಂಟರ ಮನೆಗಳಿಗೆ ಹೋಗದೆ, ಸಾಯಂಕಾಲ ಶಾಂಭವಿ ಹೊಳೆಯ ದಡದಲ್ಲಿ ಕೋಲು ಹಿಡಿದು ಸುಮ್ಮನೆ ಕೂತಿರಬಹುದು. ದಾರಿಯಲ್ಲಿ ಹೋಗುವ ನಾವು ಎಷ್ಟು ಮೀನು ಸಿಕ್ಕಿತೆಂದು ಕೂಗಿ ಕೇಳುತ್ತೇವೆ. ಬುಟ್ಟಿ ಬರಿದಾಗಿದ್ದರೆ ನಗುತ್ತೇವೆ. ಇನ್ನು ಮೇಲೆ ಹಾಗೆ ಮಾಡದಿರೋಣ. ಅವನ ತಾಯಿಯು, ಮಗನು ಕೆಲಸಕ್ಕೆ ಬಾರದವನಾದನೆಂದು ಅಳುತ್ತಿದ್ದರೆ ಅವಳಿಗೆ ಈ ಸಂಗತಿಯನ್ನು ವಿವರಿಸಿ ಹೇಳೋಣ. ಅವನು ಕರೆದರೆ ಬಳಿಯಲ್ಲಿ ಕೂತುಕೊಳ್ಳೋಣ. ಕರೆಯದಿದ್ದರೆ ಕತ್ತಲಾಗುವ ವರೆಗೆ ಆ ದಡವನ್ನು ಅವನಿಗೇ ಬಿಟ್ಟುಕೊಡೋಣ.